ಎಮ್ಮೆ ಮೆಚ್ಚಿದ ಪ್ಯಾಂಟು

ತನ್ನ ಪ್ಯಾಂಟನ್ನು ತಾನೇ ಆರಿಸಿಕೊಳ್ಳಬೇಕು ಎಂದು ಒಬ್ಬ ಗೃಹಸ್ಥ ಆಸೆಪಟ್ಟರೆ ಅದು ಮಹಾಪರಾಧವೇ? ಮದುವೆಯಾಗದವರು ತಕ್ಷಣ ‘ಅಲ್ಲ’ ಎನ್ನುತ್ತಾರೆ. ಮದುವೆಯಾದವರು ಒಮ್ಮೆ ಅಡುಗೆಮನೆಯ ಕಡೆ ನೋಡಿ ಆಮೇಲೆ ಬಾಯಿ ಬಿಡುತ್ತಾರೆ. ಚೆನ್ನೈನ ಕೋಡಂಬಾಕ್ಕಂ ನಿವಾಸಿಯಾದ ಮುರಳೀಧರನೆಂಬ ನಾನು ಸದ್ಯಕ್ಕೆ ಎರಡೂ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ, ಆದ್ದರಿಂದ ಪೂರ್ತಿ ಕಥೆಯನ್ನೇ ಹೇಳಿಬಿಡುತ್ತೇನೆ. ನ್ಯಾಯ ನೀವೇ ಹೇಳಿ.

ನಮ್ಮ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಐತಪ್ಪ ಎಂಬ ನಿವೃತ್ತ ರೇಂಜರು ಇದ್ದಾರೆ. ಸುಳ್ಯದ ಕಡೆಯವರು. ಜೀವಮಾನವೆಲ್ಲ ಕಾಡು ಕಾದು, ಈಗ ಕಾಯಲು ಏನೂ ಸಿಗದೆ, ಎಣ್ಣೂರಿನ ಹಿನ್ನೀರಿನಲ್ಲಿ ಹಕ್ಕಿಗಳನ್ನು ಕಾಯುತ್ತಾರೆ. ಅಲ್ಲಿ ಒಂದು ಕೆಸರುದಿಬ್ಬದ ಮೇಲೆ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಅದೇ ದಿಬ್ಬ ಸುತ್ತಲಿನ ಎಮ್ಮೆಗಳಿಗೂ ಬಹಳ ಇಷ್ಟ. ಆದ್ದರಿಂದ ಹಕ್ಕಿಗಳು ಮೊಟ್ಟೆ ಇಡುವ ಮೊದಲು ಒಂದು ಭಾನುವಾರ ಸ್ವಯಂಸೇವಕರೆಲ್ಲ ಸಾಲಾಗಿ ನೀರಿಗಿಳಿದು, ತಟ್ಟೆ ಬಡಿದು, ಕೂಗು ಹಾಕಿ, ಎಮ್ಮೆಗಳನ್ನು ದಂಡೆಗೆ ಎಬ್ಬಿಸಿ, ಆಮೇಲೆ ಬೇಲಿ ಬಿಗಿಯುತ್ತಾರೆ. ಹಿಂದೆ ಮಹಾರಾಜರ ಶಿಕಾರಿಯಲ್ಲಿ ಪೊದೆ ಬಡಿದು ಹುಲಿ ಎಬ್ಬಿಸುವ ಪಡೆ ಇರುತ್ತಿತ್ತಲ್ಲ, ಅದೇ ಕೆಲಸ. (ಹುಲಿಯ ಜಾಗದಲ್ಲಿ ಎಮ್ಮೆ ಎಂಬುದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ‘ವನ್ಯಜೀವಿ ಕಾರ್ಯಾಚರಣೆ’ ಎಂದಷ್ಟೇ ಹೇಳಿದ್ದೇನೆ.)

ಇಂಥ ಪಡೆಯಲ್ಲಿ ನನಗಿದ್ದ ಹುದ್ದೆ ಯಾವುದು ಗೊತ್ತೇ? ದಂಡೆಯ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುವುದು. ಮೊದಲ ಸಲ ನಾನು ಆಫೀಸಿನ ಪ್ಯಾಂಟಿನಲ್ಲೇ ಹೋಗಿದ್ದೆ. ಸೀಮೆಜಾಲಿಯ ಮುಳ್ಳು ಅದನ್ನು ಹಿಡಿದುಕೊಂಡಿತು, ನಾನು ಮುಂದೆ ಹೋದೆ, ಪ್ಯಾಂಟಿನ ಅರ್ಧ ಹಿಂದೆ ಉಳಿಯಿತು. ಐತಪ್ಪನವರು ಮುಲಾಜಿಲ್ಲದೆ ಹೇಳಿಬಿಟ್ಟರು:

“ಈ ಪ್ಯಾಂಟು ಸಾಲದು ಮಾರ್ರೆ. ಮುಳ್ಳು ಹಿಡಿಯಬಾರದು, ನೀರು ಒಳಗೆ ಬರಬಾರದು. ಅಂಥದ್ದು ಉಂಟಾದ್ರೆ ಲೈನಿಗೆ ಬನ್ನಿ. ಇಲ್ಲದಿದ್ರೆ ಇಲ್ಲೇ ಕೂತ್ಕೊಳ್ಳಿ.”

ಮರುವರ್ಷವೂ ಕೂತೆ. ನನಗಿಂತ ವಯಸ್ಸಾದವರು, ನನಗಿಂತ ದಪ್ಪಗಿರುವವರು, ಎಲ್ಲರೂ ನೀರಿಗಿಳಿದು ಹೋ ಎಂದು ಕೂಗುತ್ತಿದ್ದರೆ ನಾನು ಯಾರದೋ ಹವಾಯಿ ಚಪ್ಪಲಿಯನ್ನು ನಾಯಿಯ ಬಾಯಿಂದ ಬಿಡಿಸುತ್ತಿದ್ದೆ. ಅವಮಾನವಾಯಿತು. ಏನೇ ಆಗಲಿ, ಈ ಸಲ ಲೈನಿನಲ್ಲಿ ನಿಂತೇ ತೀರಬೇಕು ಎಂದು ಹಟ ಹಿಡಿದೆ.

ಫೋನಿನಲ್ಲಿ ಸಂಶೋಧನೆ ಆರಂಭವಾಯಿತು. ಶೀತದೇಶಗಳಲ್ಲಿ ಬೇಟೆಗೆಂದೇ ಹಕ್ಕಿಗಳನ್ನು ಸಾಕಿ ಕಾಯುವುದಕ್ಕೇ ಸಂಬಳದ ಮನುಷ್ಯರಿದ್ದಾರಂತೆ. ಅವರು ತೊಡುವ ಪ್ಯಾಂಟಿನ ಬಗ್ಗೆ ಗಡ್ಡದ ಮಹಾಶಯರು ಗಂಟೆಗಟ್ಟಲೆ ಪ್ರವಚನ ಮಾಡುತ್ತಾರೆ. ಒಬ್ಬ ಮುಳ್ಳುಪೊದೆಯಲ್ಲಿ ಹೊರಳುತ್ತಾನೆ, ಇನ್ನೊಬ್ಬ ಹಳ್ಳದಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದು, ಒಳಗೆ ಒಣಗಿದೆ ಎಂದು ಸಾಬೀತು ಮಾಡುತ್ತಾನೆ. ನಾನು ತನ್ಮಯನಾಗಿ ನೋಡುತ್ತಿದ್ದಾಗ ಹಿಂದಿನಿಂದ ನನ್ನ ಧರ್ಮಪತ್ನಿ ಜಯಲಕ್ಷ್ಮಿಯ ಧ್ವನಿ ಬಂತು.

“ಏನ್ರೀ, ಒಂದು ವಾರದಿಂದ ಕಣ್ಣು ಮಿಟುಕಿಸದೆ ಗಂಡಸರ ಕಾಲು ನೋಡ್ತಿದೀರಲ್ಲ, ಏನು ಸಮಾಚಾರ?”

ಹೇಳಿದೆ. ಹೇಳಬಾರದಿತ್ತು.

“ಮುಟ್ಟಿ ನೋಡದೆ ಬಟ್ಟೆ ತಗೊಳೋದಾ? ನಮ್ಮ ವಂಶದಲ್ಲೇ ಇಲ್ಲ. ನಡೀರಿ ಟಿ. ನಗರಕ್ಕೆ.”

ಟಿ. ನಗರದಲ್ಲಿ ಜಯಲಕ್ಷ್ಮಿ ಬಟ್ಟೆ ಕೊಳ್ಳುವುದಕ್ಕೆ ಒಂದು ಶಾಸ್ತ್ರವಿದೆ. ಅದು ಸೀರೆಗಾಗಿ ಹುಟ್ಟಿದ ಶಾಸ್ತ್ರ, ಆದರೆ ಅವಳು ಅದನ್ನು ಕರ್ಚೀಫಿಗೂ ಬಿಡುವುದಿಲ್ಲ. ಮೊದಲು ಸ್ಟೂಲು ಎಳೆದುಕೊಂಡು ಕೂರುವುದು. ಆಮೇಲೆ ಕಪಾಟಿನಲ್ಲಿರುವುದನ್ನೆಲ್ಲ ಇಳಿಸಿ ಬಿಚ್ಚಿಸುವುದು. ಮೊದಲು ತೋರಿಸಿದ್ದು ಎಷ್ಟೇ ಚೆನ್ನಾಗಿದ್ದರೂ ಮುಖ ಸಿಂಡರಿಸುವುದು. ಮಳೆಯ ಉಡುಪಿನ ಅಂಗಡಿಯಲ್ಲೂ ಇದರಲ್ಲಿ ಒಂದಕ್ಷರ ಬದಲಾಗಲಿಲ್ಲ.

“ಬರೀ ಪಾಚಿ ಬಣ್ಣಾನೇ ಇದೆಯಲ್ಲಪ್ಪಾ. ಇದರಲ್ಲೇ ಮಾವಿನ ಚಿಗುರಿನ ಬಣ್ಣ ಇಲ್ವಾ?”

“ಕಾಡಿಗೆ ಹೋಗೋರು ಪಾಚಿ ಬಣ್ಣಾನೇ ಹಾಕೋದು ಕಣೇ,” ಎಂದೆ.

“ಎಮ್ಮೆ ಎಬ್ಬಿಸೋಕೆ ತಾನೇ ಹೋಗ್ತಿರೋದು? ಅದಕ್ಕೆ ಕಾಣೋ ಹಂಗಿರಬೇಕಲ್ಲ?” ಎಂದವಳು ಒಂದು ಪ್ಯಾಂಟನ್ನು ಬಾಗಿಲ ಹೊರಗೆ ಬಿಸಿಲಿಗೆ ಒಯ್ದು ನೋಡಿದಳು. ವಾಪಸು ಬಂದು ಅಭ್ಯಾಸಬಲದಿಂದ ಅದರ ಒಂದು ಕಾಲನ್ನು ಹೆಗಲ ಮೇಲೆ ಸೆರಗಿನಂತೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

ಕೊನೆಗೆ ಅತಿ ದಪ್ಪನೆಯದೊಂದು ಅವಳ ಮನಸ್ಸಿಗೆ ಬಂತು. ‘ಗ್ಯಾರಂಟಿ ವಾಟರ್‌ಪ್ರೂಫ್’ ಎಂದು ಅವನು ಹೇಳುತ್ತಿದ್ದಂತೆಯೇ ಚೀಲದಿಂದ ಬಾಟಲಿ ತೆಗೆದು ಪ್ಯಾಂಟಿನ ಮೇಲೆ ಸುರಿದುಬಿಟ್ಟಳು. ಒಂದು ಹನಿಯೂ ಒಳಗಿಳಿಯಲಿಲ್ಲ. ಅಷ್ಟೂ ನೀರು ಜಾರಿಕೊಂಡು ಹೋಗಿ ಅಂಗಡಿಯವನ ಹೊಟ್ಟೆಯ ಮೇಲೆ ಇಳಿಯಿತು.

“ಅಯ್ಯೋ ಅಮ್ಮಾ!”

“ಯಾಕಪ್ಪಾ, ವಾಟರ್‌ಪ್ರೂಫ್ ಅಂದ್ಯಲ್ಲ?”

“ಪ್ಯಾಂಟ್ ದಾನ್ ವಾಟರ್‌ಪ್ರೂಫ್ ಅಮ್ಮಾ, ನಾನ್ ಅಲ್ಲ!”

ಅದೇ ಪ್ಯಾಂಟು ನಿಶ್ಚಯವಾಯಿತು. ಅಳತೆಯ ವಿಷಯಕ್ಕೆ ಬಂದಾಗ ಜಯಲಕ್ಷ್ಮಿ, “ಒಂದು ಸೈಜ್ ದೊಡ್ಡದೇ ಕೊಡು. ಒಗೆದ್ರೆ ಕುಗ್ಗತ್ತೆ” ಎಂದಳು.

“ಇದು ಕುಗ್ಗಲ್ಲ ಕಣೇ. ನೀರನ್ನೇ ಕುಡಿಯದ ಬಟ್ಟೆ ಹೇಗೆ ಕುಗ್ಗತ್ತೆ?”

“ನಿಮ್ಮ ಮದುವೆ ಪಂಚೆನೂ ಕುಗ್ಗಲ್ಲ ಅಂದಿದ್ರು. ಈಗ ಅದನ್ನ ಉಟ್ರೆ ಟವೆಲ್ ಉಟ್ಟ ಹಂಗಿದೆ. ಸುಮ್ನಿರ್ರಿ.”

ಪಂಚೆ ಕುಗ್ಗಿಲ್ಲ, ನಾನೇ ಉಬ್ಬಿದ್ದೇನೆ ಎಂದು ಅಂಗಡಿಯಲ್ಲಿ ಹೇಗೆ ಹೇಳಲಿ? ದುಡ್ಡು ಕೊಟ್ಟೆ. ಮನೆಗೆ ಬಂದ ಮೇಲೆ ಹೊಸ ಬಟ್ಟೆಯೆಂದು ಅದರ ಮೂಲೆಗೆ ಅರಿಶಿನ ಹಚ್ಚಿದಳು, ಅದು ಜಾರಿ ನೆಲಕ್ಕೆ ಬಿತ್ತು. ಬಕೆಟ್ಟಿನಲ್ಲಿ ನೆನೆಹಾಕಿದಳು, ಪ್ಯಾಂಟು ತೇಲಿತು. ಮೇಲೆ ಕಲ್ಲು ಹೇರಿ ಮುಳುಗಿಸಿದಳು. “ಇದೇನ್ರೀ ಇದು, ನೀರೇ ಸೋಕದ ಬಟ್ಟೆ! ಇದು ಮಡಿ ಆಗೋದು ಹೇಗೆ?” ಎಂದು ನನ್ನನ್ನೇ ಕೇಳಿದಳು, ನಾನೇ ನೇಯ್ದಂತೆ. ಮೇಲಿಂದ ಮೇಲೆ ಒಗೆದರೂ ಸೊಂಟ ಒಂದು ನೂಲಿನಷ್ಟೂ ಕುಗ್ಗಲಿಲ್ಲ. ನಾನು ಅದರೊಳಗೆ ನಿಂತರೆ ಸುತ್ತಲೂ ಇನ್ನೊಬ್ಬರಿಗೆ ಜಾಗವಿತ್ತು. ಕೊನೆಗೆ ಒಂದು ಲಾಡಿ ಹಾಕಿ ಬಿಗಿದಳು.

ಸೊಂಟ ಅವಳ ಇಲಾಖೆಯಾಯಿತು. ಪಾದದ ಕಡೆಗೆ ಮಾತ್ರ ನಾನು ನನ್ನ ಬುದ್ಧಿ ಓಡಿಸಿದೆ. ನೀರು ಬರುವುದು ಕೆಳಗಿನಿಂದ ಎಂಬುದು ನನ್ನ ಸಿದ್ಧಾಂತ. ಟೈಲರ್ ಹತ್ತಿರ ಹೋಗಿ ಎರಡೂ ಕಾಲಿನ ತುದಿಗೆ ಇರುವೆಯೂ ನುಸುಳದಂತೆ ಎಲಾಸ್ಟಿಕ್ ಹಾಕಿಸಿದೆ. ಕಾಲೇಜಿಗೆ ಹೋಗುವ ನಮ್ಮ ಮಗಳು ಸಂಹಿತಾ ಅದನ್ನು ನೋಡಿ, “ಅಪ್ಪಾ, ಇದು ರೊಂಬ ಓವರ್” ಎಂದಳು. ಸಂಶೋಧಕರನ್ನು ಜಗತ್ತು ಹೀಗೆಯೇ ಕಂಡಿದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಭಾನುವಾರ ಬೆಳಿಗ್ಗೆ ಪ್ಯಾಂಟು ತೊಟ್ಟು ಮೆಟ್ಟಿಲಿಳಿದಾಗಲೇ ಗೊತ್ತಾದದ್ದು, ಅದಕ್ಕೆ ಬಾಯಿಯೂ ಇದೆಯೆಂದು. ಹೆಜ್ಜೆಗೊಮ್ಮೆ ಸರಬರ, ಸರಬರ. ಜಯಲಕ್ಷ್ಮಿ ಮೊಸರನ್ನದ ಡಬ್ಬಿ ಹಿಡಿದು, ಸಂಹಿತಾ ಫೋನು ಹಿಡಿದು, ‘ನೋಡೋಕೆ’ ಎಂದು ಜೊತೆಗೆ ಬಂದರು. ಎಣ್ಣೂರಿನ ದಂಡೆಯ ಮೇಲೆ ಐತಪ್ಪನವರು ನನ್ನನ್ನು ಸುತ್ತು ಬಂದು ಪರಿಶೀಲಿಸಿದರು.

“ಭಾರೀ ಉಂಟಲ್ಲ ಮಾರ್ರೆ ಪ್ಯಾಂಟು! ಬನ್ನಿ, ಲೈನಿಗೆ ಬನ್ನಿ. ನಡುವಿನಲ್ಲೇ ನಿಲ್ಲಿ.”

ನಡುವಿನಲ್ಲೇ! ನನ್ನ ಕಣ್ಣು ತುಂಬಿ ಬಂತು. ಕೈಗೆ ಒಂದು ಕೋಲು ಕೊಟ್ಟರು. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಗೆ ಬಿಡುತ್ತಿದ್ದವು, ಮುಂದೆ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ನೀರಿನಲ್ಲಿ ಮಲಗಿದ್ದವು. ಸಾಲು ಹೊರಟಿತು. ತಟ್ಟೆಗಳು ಬಡಿದುಕೊಂಡವು, ಹೋ ಹೋ ಎಂದು ಕೂಗೆದ್ದಿತು. ಎಮ್ಮೆಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ನಾನು ಉತ್ಸಾಹದಿಂದ ಮೂರು ಹೆಜ್ಜೆ ಮುಂದೆ ಹಾಕಿದೆ. ಸರಬರ.

ಒಂದು ಎಮ್ಮೆ ತಲೆ ಎತ್ತಿತು. ಇನ್ನೊಂದು ಎತ್ತಿತು. ಆಮೇಲೆ ಇಡೀ ಹಿಂಡೇ ಎದ್ದು ನಿಂತಿತು. ‘ಎದ್ದವು, ಎದ್ದವು!’ ಎಂದು ಎಲ್ಲರೂ ಕೂಗಿದರು. ನಾನು ಎದೆಯುಬ್ಬಿಸಿದೆ. ಆದರೆ ಹಿಂಡು ದಂಡೆಯ ಕಡೆ ತಿರುಗಲಿಲ್ಲ. ನೆಟ್ಟಗೆ ನನ್ನ ಕಡೆ ನಡೆಯತೊಡಗಿತು. ಕೋಲು ಬೀಸಿದೆ, ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಿಂದಕ್ಕೆ ಸರಿದೆ, ಸರಬರ ಜಾಸ್ತಿಯಾಯಿತು, ಅವುಗಳ ನಡಿಗೆಯೂ ಜೋರಾಯಿತು.

“ಏನ್ರೀ, ಹಿಂದೆ ಹೋಗ್ಬೇಡ್ರೀ! ಅವನ್ನ ಓಡಿಸ್ರೀ!” ದಂಡೆಯಿಂದ ಜಯಲಕ್ಷ್ಮಿ.

“ಅವೇ ನನ್ನನ್ನ ಓಡಿಸ್ತಿವೆ ಕಣೇ!”

ಓಡಿದೆ. ಓಡುವವನಿಗೆ ದಾರಿ ತಿಳಿಯುತ್ತದೆಯೇ? ಹಕ್ಕಿಗಳ ದಿಬ್ಬದತ್ತಲೇ ಓಡುತ್ತಿದ್ದೇನೆಂದು ಐತಪ್ಪನವರು ಹಿಂದಿನಿಂದ ಕಿರುಚಿದಾಗ ಗಕ್ಕನೆ ತಿರುಗಿ, ಒಂದು ಹೊಂಡಕ್ಕೆ ಸೊಂಟದವರೆಗೆ ಇಳಿದುಬಿಟ್ಟೆ. ಲಾಡಿ ಕಿತ್ತುಹೋಯಿತು. ಅಗಲ ಸೊಂಟದಿಂದ ಎಣ್ಣೂರಿನ ಹಿನ್ನೀರು ಕೆಸರಿನ ಸಮೇತ ಒಳಗೆ ಪ್ರವೇಶಿಸಿತು. ಕೆಳಗೆ ಹೋಗಿ ನನ್ನ ಎಲಾಸ್ಟಿಕ್ ಮುಟ್ಟಿ ಅಲ್ಲೇ ನಿಂತಿತು. ಪ್ಯಾಂಟು ಮಾತಿಗೆ ತಪ್ಪಲಿಲ್ಲ: ಒಂದು ಹನಿ ನೀರನ್ನೂ ಹೊರಕ್ಕೆ ಬಿಡಲಿಲ್ಲ. ಎರಡು ಕಾಲೂ ತುಂಬಿದ ಕೊಡಗಳಾದವು. ಎತ್ತಲು ಹೋದರೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಮುಂದಾಳು ಎಮ್ಮೆ ಬಂದು ನನ್ನ ಕಿವಿ ಮೂಸಿ, ಇಷ್ಟವಾದಂತೆ ಒಮ್ಮೆ ನೆಕ್ಕಿತು.

ಐತಪ್ಪನವರೂ ಇನ್ನು ನಾಲ್ವರೂ ನನ್ನ ತೋಳು ಹಿಡಿದು ಎಳೆದರು. ನಾನು ಬಂದೆ. ಪ್ಯಾಂಟು ಬರಲಿಲ್ಲ.

ಅಂಗಿಯ ಅಂಚನ್ನು ಕೆಳಗೆಳೆದುಕೊಂಡು ನಾನು ಪಕ್ಕದ ಸೀಮೆಜಾಲಿಯ ಮರೆಗೆ ಓಡಿದೆ. ಆ ಪ್ಯಾಂಟನ್ನು ಕೊಂಡದ್ದೇ ಈ ಮುಳ್ಳಿಗೆ ಹೆದರಿ ಎಂಬುದು ಅಲ್ಲಿ ಕುಕ್ಕರಿಸಿದ ಮೇಲೆ ನೆನಪಾಯಿತು. ಜಯಲಕ್ಷ್ಮಿ ಬಂದು ಮೊಸರನ್ನದ ಡಬ್ಬಿಗೆ ಸುತ್ತಿದ್ದ ಟವೆಲ್ಲನ್ನು ಮುಖ ತಿರುಗಿಸಿ ಕೊಟ್ಟಳು.

ಇತ್ತ ಐತಪ್ಪನವರು ಪ್ಯಾಂಟನ್ನು ಕೆಸರಿನಿಂದ ಕಿತ್ತು, ನೀರು ಚೆಲ್ಲಿ, ಕೋಲಿಗೆ ಸಿಕ್ಕಿಸಿ ಕೊಡವಿದರು. ಸರಬರ! ಎಮ್ಮೆಗಳೆಲ್ಲ ಒಟ್ಟಿಗೆ ಅತ್ತ ತಿರುಗಿದವು.

“ಓ! ಗೊತ್ತಾಯ್ತು! ಇದು ಹಿಂಡಿ ಚೀಲ ಬಿಚ್ಚುವ ಸದ್ದು ಮಾರ್ರೆ! ಊಟ ಬಂತೂಂತ ಬರೋದು ಅವು!”

ಕೋಲನ್ನು ಹೆಗಲ ಮೇಲಿಟ್ಟು, ಪ್ಯಾಂಟನ್ನು ಅಲ್ಲಾಡಿಸುತ್ತ ಅವರು ದಂಡೆಯ ಕಡೆ ನಡೆದರು. ಹಿಂದೆ ಇಡೀ ಹಿಂಡು, ದೇವರ ಮೆರವಣಿಗೆಗೆ ಹೊರಟವರ ಹಾಗೆ, ಒಂದೂ ತಪ್ಪಿಸಿಕೊಳ್ಳದೆ ನಡೆಯಿತು. ತಟ್ಟೆ ಬೇಕಾಗಲಿಲ್ಲ, ಕೂಗು ಬೇಕಾಗಲಿಲ್ಲ. ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದ ಕೆಲಸ ಬಿಸಿಲೇರುವ ಮೊದಲೇ ಮುಗಿದುಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಳ್ಳಿನ ನಡುವೆ ಟವೆಲ್ ಸುತ್ತಿಕೊಳ್ಳುತ್ತಿದ್ದ ನನ್ನ ಕಿವಿಗೆ ಜಯಲಕ್ಷ್ಮಿಯ ದೊಡ್ಡ ಗಂಟಲು ಕೇಳಿಸಿತು: “ನಾನು ಆರಿಸಿದ್ದು ಸಾರ್! ಇವರು ಫೋನಲ್ಲೇ ತರಿಸ್ತೀನಿ ಅಂತಿದ್ರು!” ನಾನು ಹೊಂಡದಲ್ಲಿದ್ದಾಗ ಅವಳ ಬಾಯಲ್ಲಿ ಅದೇ ‘ನಿಮ್ಮ ದರಿದ್ರ ಪ್ಯಾಂಟು’ ಆಗಿತ್ತು.

ಆಮೇಲೆ ಗ್ರೂಪ್ ಫೋಟೋ ತೆಗೆದರು. ನಡುವೆ ಕೋಲಿನ ಮೇಲೆ ಪ್ಯಾಂಟು, ಒಂದು ಕಡೆ ಐತಪ್ಪ, ಇನ್ನೊಂದು ಕಡೆ ಜಯಲಕ್ಷ್ಮಿ. ನಾನು ಅದರಲ್ಲಿಲ್ಲ. ಟವೆಲ್ಲಿನಲ್ಲಿ ಬರಲಾರೆ ಎಂದು ನಾನೇ ಹೇಳಿದೆ, ನಿಜ. ಆದರೆ ಎರಡನೆಯ ಸಲ ಯಾರೂ ಕರೆಯಲಿಲ್ಲ.

ನಿನ್ನೆ ಸಂಜೆ ಐತಪ್ಪನವರು ಮನೆಗೆ ಬಂದರು. ಪಾಪ, ನನ್ನ ಯೋಗಕ್ಷೇಮ ವಿಚಾರಿಸಲು ಬಂದಿದ್ದಾರೆ ಎಂದು ನಾನು ಕಾಲು ಎಳೆಯುತ್ತ ಎದ್ದೆ.

“ಪ್ಯಾಂಟು ಒಣಗಿತಾ ಅಮ್ಮಾ?” ಎಂದರು ನನ್ನನ್ನು ದಾಟಿ ಜಯಲಕ್ಷ್ಮಿಗೆ. “ಆಚೆ ದಿಬ್ಬದಲ್ಲೂ ಎಮ್ಮೆ ಉಂಟಂತೆ. ಈ ಭಾನುವಾರ ಒಂದ್ಸಲ ಕೊಡ್ಬೇಕಿತ್ತು.”

ಅವಳು ಅದನ್ನು ರೇಷ್ಮೆ ಸೀರೆಯ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ನಾನು ಕಾಯುತ್ತಲೇ ಇದ್ದೆ. ಕೊನೆಗೆ ಸಂಹಿತಾಳಿಗೇ ಪಾಪವೆನಿಸಿರಬೇಕು.

“ಅಂಕಲ್, ಅಪ್ಪಾ ವೇಂಡಾಮಾ? ಬೇಡ್ವಾ?” ಎಂದು ಕೇಳಿದಳು.

ಐತಪ್ಪನವರು ಪ್ಯಾಂಟನ್ನು ಕಂಕುಳಿಗೆ ಸೇರಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ನಿಜವಾಗಿಯೂ ಯೋಚಿಸಿದರು.

“ಬೇಡ ಮಗಾ,” ಎಂದರು. “ಕೋಲು ಉಂಟು.”