ಕುಲಾವಿ ತೊಟ್ಟ ಕ್ಯಾಮೆರಾ

ನಮ್ಮ ಸೋದರತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಿಂದಗಿಯಿಂದ ಇಂಡಿಗೆ ಹೊರಟವನಿಗೆ ಮೋಕ್ಷ ಖಚಿತ. ಯಾವ ತಿರುವಿನಲ್ಲಿ ಎಂಬುದನ್ನು ಮಾತ್ರ ಮೊದಲೇ ಹೇಳಲು ಬರುವುದಿಲ್ಲ!

ಹಿಂದೆ ಕಬ್ಬಿನ ಟ್ರ್ಯಾಕ್ಟರ್, ಮುಂದೆ ಬಸ್ಸು, ನಡುವೆ ನಾನು. ಅಂಥ ಹೊತ್ತಿಗೇ ಬಲಭುಜದ ಮೇಲೆ ಫಟ್ಟನೆ ಏಟು ಬೀಳುತ್ತದೆ. "ನಿಂದ್ರಸೋ! ತಂತಿ ಮ್ಯಾಲೆ ನೋಡು!" ನಾನು ತಂತಿಯನ್ನು ನೋಡಲೋ, ಟ್ರ್ಯಾಕ್ಟರನ್ನು ನೋಡಲೋ? ಹೇಗೋ ಜೀವ ಉಳಿಸಿಕೊಂಡು ಬದಿಗೆ ನಿಲ್ಲಿಸುವಷ್ಟರಲ್ಲಿ ಅತ್ತೆ ಇಳಿದು, ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ತೊಗರಿ ಹೊಲದೊಳಗೆ ಮಾಯವಾಗಿರುತ್ತಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆ ಎಂದರೆ "ಹೊತ್ತ ಎಲ್ಲಿತ್ತೋ?" ಎನ್ನುತ್ತಾರೆ. ನಾನೂ ಅವರ ಕೈಯಲ್ಲೇ ಗಣಿತ ಕಲಿತವನಾದ್ದರಿಂದ ಮನೆಯಲ್ಲೂ ಅವರಿಗೆ 'ರಿ' ಹಚ್ಚಿ ಮಾತಾಡುತ್ತೇನೆ, ಭಾನುವಾರ ಬೆಳಗಿನ ಅವರ ಫೋನಿಗೆ ಇಲ್ಲ ಎನ್ನುವುದಿಲ್ಲ. ವಾರವಿಡೀ ಕಚೇರಿಯಲ್ಲಿ ಜನರ ಬಾಯಿಗೆ ಸಿಕ್ಕು ಹಣ್ಣಾದ ನನಗೆ ಭಾನುವಾರ ಬೇಕಾದದ್ದು ನಿದ್ದೆ. ಅತ್ತೆಗೆ ಬೇಕಾದದ್ದು ನನ್ನ ಬೈಕು. ಕೊನೆಗೆ ಒಂದು ರಾಜಿಗೆ ಬಂದಿದ್ದೇವೆ. ಅವರು ಹಕ್ಕಿಗಾಗಿ ಕಾಯುತ್ತಾರೆ, ನಾನು ಅಲ್ಲೇ ಯಾವುದಾದರೂ ಬೇವಿನ ಗಿಡದ ಕೆಳಗೆ ಒರಗುತ್ತೇನೆ. ನಾಲ್ಕು ತಾಲೂಕಿನ ಇರುವೆಗಳಿಗೆ ನನ್ನ ಗುರುತಿದೆ.

ಅವರಿಗೆ ಈ ಹಕ್ಕಿ ಫೋಟೋದ ಹುಚ್ಚು ಹತ್ತಿದ್ದು ನೌಕರಿಯಲ್ಲಿದ್ದಾಗಲೇ. ಮೊದಲು ರೀಲ್ ಹಾಕುವ ಕ್ಯಾಮೆರಾ ಇತ್ತು. ಅದಕ್ಕೆ ಕಲರ್ ರೀಲೇ ಆಗಬೇಕು. "ನೀಲಕಂಠನ್ನ ಬ್ಲ್ಯಾಕ್ ಅಂಡ್ ವೈಟ್‌ನ್ಯಾಗ ತೆಗದ್ರ ಕಾಗಿ ಆಗ್ತೈತಿ" ಎಂಬುದು ಅವರ ವಾದ. ಸರಿ, ಕಲರಿನಲ್ಲೇ ತೆಗೆದರು. ರೀಲ್ ತೊಳೆದುಕೊಟ್ಟ ಸ್ಟುಡಿಯೋದವನು ಫೋಟೋಗಳನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

"ಅಕ್ಕೋರ, ಇದರಾಗ ಹಕ್ಕಿ ಎಲ್ಲೈತ್ರಿ?"

"ಹಾರಿ ಹೋತು. ಅದು ಕುಂತು ಎದ್ದ ಟೊಂಗಿ ಅದು."

ಹೀಗೆ ಆಲ್ಬಮ್ಮಿನ ತುಂಬ ಖಾಲಿ ಟೊಂಗೆಗಳು ಕೂಡಿದವು. ಮನೆಗೆ ಬಂದವರು ಚಹದ ಜೊತೆ ಅವನ್ನು ನೋಡಲೇಬೇಕು. ನೋಡಿದರೆ ಸಾಲದು, "ಇದರ ಮ್ಯಾಲೆ ಯಾವ ಹಕ್ಕಿ ಕುಂತಿತ್ತು ಹೇಳ್ರಿ" ಎಂಬ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕು! ಊರವರು ಅವರಿಗೆ 'ಟೊಂಗಿ ಅಕ್ಕೋರು' ಎಂದು ಹೆಸರಿಟ್ಟರು. ಚಹಕ್ಕೆ ಬರುವವರು ಕಡಿಮೆಯಾದರು.

ಆಮೇಲೆ ಅಂಗೈ ಅಗಲದ ಡಿಜಿಟಲ್ ಕ್ಯಾಮೆರಾ ಬಂತು. ಅದರದು ಸರ್ಕಾರಿ ಜಾಯಮಾನ. ಗುಂಡಿ ಒತ್ತಿದ ಮೇಲೆ ಒಂದಿಷ್ಟು ವಿಚಾರ ಮಾಡಿ ನಂತರ ಕೆಲಸಕ್ಕೆ ಕೈ ಹಾಕುತ್ತಿತ್ತು. ಅಷ್ಟರಲ್ಲಿ ಜಿಂಕೆ, ನಮ್ಮ ಕಡೆಯ ಚಿಗರಿ, ಮುಕ್ಕಾಲು ಪಾಲು ದಾಟಿಹೋಗಿರುತ್ತಿತ್ತು. ಮುದ್ದೇಬಿಹಾಳದಿಂದ ತಾಳಿಕೋಟೆಯವರೆಗಿನ ಚಿಗರಿಗಳ ಹಿಂಭಾಗದ ಇಷ್ಟು ದೊಡ್ಡ ಸಂಗ್ರಹ ಭೂಮಿಯ ಮೇಲೆ ಬೇರೆಲ್ಲೂ ಇರಲಾರದು. "ಮುಂದಿಂದು ಎಲ್ಲಾರೂ ತೆಗೀತಾರ ಬಿಡೋ" ಎಂದರು ಅತ್ತೆ. ಸೋಲು ಒಪ್ಪುವ ಜೀವವೇ ಅದು?

ಹಕ್ಕಿ ಬೆದರಬಾರದೆಂದು ಅವರು ಉಡುವುದು ಮಣ್ಣಿನ ಬಣ್ಣದ ಸೀರೆ ಮಾತ್ರ. ಬಸವನ ಬಾಗೇವಾಡಿಯಲ್ಲಿ ನನ್ನ ತಂಗಿಯ ಮದುವೆಗೂ ಅದನ್ನೇ ಉಟ್ಟು ಬಂದರು. ಗುಂಪು ಫೋಟೋದಲ್ಲಿ ಅತ್ತೆ ಎಲ್ಲಿದ್ದಾರೆಂದು ಇವತ್ತಿಗೂ ಹುಡುಕುತ್ತಿದ್ದೇವೆ. ಹಿಂದಿನ ಗೋಡೆಯದೂ ಅದೇ ಬಣ್ಣ!

ನಿವೃತ್ತರಾದ ಮೇಲೆ ಬಂದದ್ದು ಈಗಿನ ದೊಡ್ಡ ಕ್ಯಾಮೆರಾ. ಅದರ ಲೆನ್ಸೇ ಮೊಳದುದ್ದ. ನಮ್ಮ ಎರೆಹೊಲದ ಧೂಳು ಹೊಕ್ಕೀತೆಂದು ಅದಕ್ಕೊಂದು ಉಲ್ಲನ್ ಕುಲಾವಿ ಹೆಣೆದು ತೊಡಿಸಿದ್ದಾರೆ. ಒಮ್ಮೆ ನನ್ನ ಬೈಕು ಕೆಟ್ಟು ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಅತ್ತೆ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಕುಳಿತ ತಾಯಿಯೊಬ್ಬರು ಬಗ್ಗಿ ಕುಲಾವಿ ನೋಡಿದರು.

"ಕೂಸಿಗಿ ಎಷ್ಟ ತಿಂಗಳ್ರಿ?"

"ಎಂಟು" ಎಂದರು ಅತ್ತೆ, ಕೊಂಡ ದಿನದಿಂದ ಲೆಕ್ಕ ಹಾಕಿ. ಗಣಿತದವರಲ್ಲವೇ!

"ಅಳೂದ ಇಲ್ಲಲ್ಲ, ಶ್ಯಾಣೇ ಕೂಸು! ಹಲ್ಲ ಬಂದಾವೇನ್ರಿ?"

"ಇಲ್ರಿ. ಬರೇ ಒಂದ ಕಣ್ಣೈತಿ."

"ಅಯ್ಯ ಶಿವನ!" ಎಂದು ಆ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಬುತ್ತಿ ಬಿಚ್ಚಿ ಶೇಂಗಾ ಹೋಳಿಗೆ ತೆಗೆದು ಅತ್ತೆಯ ಕೈಗಿಟ್ಟು, "ದೇವರು ಚಲೋ ಮಾಡ್ತಾನ, ಚಿಂತಿ ಮಾಡಬ್ಯಾಡ್ರಿ" ಎಂದು ಸಮಾಧಾನ ಹೇಳಿದರು. ಅತ್ತೆ ಇಡೀ ಹೋಳಿಗೆ ತಿಂದರು. ನನಗೆ ಚೂರೂ ಕೊಡಲಿಲ್ಲ!

ಈ ಚಳಿಗಾಲದ ಒಂದು ಭಾನುವಾರ ನನ್ನನ್ನು ದೇವಣಗಾಂವದ ಆಚೆಯ ಉಳುಮೆಯಿಲ್ಲದ ಕಲ್ಲು ಮಡ್ಡಿಗೆ ಎಳೆದುಕೊಂಡು ಹೋದರು. ಅತ್ತೆ ಜಾಲಿ ಕಂಟಿಯ ಹಿಂದೆ ಕುಳಿತರು. ನಾನು ಬೈಕಿನ ಪಕ್ಕ ಉರುಳಿದೆ. ಅತ್ತೆ ನನ್ನನ್ನು ಎಬ್ಬಿಸಿ ಕ್ಯಾಮೆರಾವನ್ನು ಮುಖದೆದುರು ಹಿಡಿದರು. ಕ್ಯಾಮೆರಾದ ಪರದೆಯ ಮೇಲೆ ತೋಳ! ಕಿವಿಯಿಂದ ಕಾಲಿನವರೆಗೆ ಇಡೀ ತೋಳ. ಒಣಹುಲ್ಲಿನಂಥ ಮೈ, ಎಳೆಬಿಸಿಲು ಹಾಯ್ದು ಕೆಂಪಾದ ಕಿವಿಯ ಅಂಚು, ಜೇನಿನ ಬಣ್ಣದ ಕಣ್ಣು ನೇರ ನಮ್ಮ ಕಡೆಗೆ.

ಆ ಫೋಟೋವನ್ನು ಅತ್ತೆ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ನಮ್ಮ ಮನೆಯವರ ಹೊಟ್ಟೆಯಲ್ಲಿ ಏನಾದರೂ ನಿಂತೀತೇ? ವಾರ ತುಂಬುವುದರೊಳಗೆ ಅದು ತಾಲೂಕು ಸುತ್ತಿತು. ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಹೊಗಳಿದರು. ಸ್ಟುಡಿಯೋದವನು ಮನೆಗೇ ಬಂದು ಕೈಮುಗಿದ. ಅತ್ತೆಯ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ಭಾನುವಾರ ದೇವಣಗಾಂವದ ಚಹದಂಗಡಿಯ ಮುಂದೆ ಬೈಕು ನಿಲ್ಲಿಸಿದ್ದೇ ತಡ, ಜನ ಸುತ್ತುಗಟ್ಟಿದರು. ಕೈಯಲ್ಲಿ ಬಡಿಗೆ, ಒಬ್ಬನ ಹೆಗಲ ಮೇಲೆ ಗುದ್ದಲಿ. ಎಲ್ಲರ ಮುಂದೆ ವಯಸ್ಸಾದ ಒಬ್ಬ ಕುರಿಗಾರ. ಅವನ ಹಟ್ಟಿಯಿಂದ ತೋಳ ಕುರಿಮರಿಗಳನ್ನು ಹೊತ್ತೊಯ್ದಿತ್ತು. ಗುದ್ದಲಿಯವನು ತನ್ನ ಮೊಬೈಲು ಹಿಡಿದು ಕೇಳಿದ:

"ಅಕ್ಕೋರ, ಈ ಫೋಟೋ ನಿಮ್ಮದ ಅಂತಲ್ರಿ? ಎಲ್ಲಿ ಕಂಡ್ರಿ, ಜಾಗಾ ತೋರಸ್ರಿ. ಬಿಲಾ ಅಗದು ಒಂದೂ ಉಳೀಲಾರದಂಗ ಮಾಡ್ತೇವಿ."

ಅತ್ತೆ ಮೊಬೈಲು ಇಸಿದುಕೊಂಡು ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು. ಕುರಿಗಾರನ ಮುಖವನ್ನೂ ನೋಡಿದರು. ಆಮೇಲೆ ನಕ್ಕುಬಿಟ್ಟರು.

"ತೋಳ ಎಲ್ಲೀದೋ ತಮ್ಮಾ! ನಮ್ಮ ಓಣಿ ನಾಯಿ ಅದು, ಸಿಂದಗೀದು. ನಾಕ ಮಂದಿ ಹೊಗಳಲಿ ಅಂತ ತೋಳ ಅಂದೆ."

ಸುಳ್ಳು ಹೇಳಿದ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ ಹೆಂಗಸು! ಜನ ಹೋ ಎಂದು ನಕ್ಕರು. "ನಾ ಅಂದಿದ್ದಿಲ್ಲೇನು? ಟೊಂಗಿ ಅಕ್ಕೋರಿಗೆ ತೋಳ ಎಲ್ಲಿ ಸಿಗತೈತಿ!" ಎಂದು ಯಾರೋ ಕೂಗಿದರು. ಅತ್ತೆಯೂ ಅವರ ಜೊತೆ ನಕ್ಕರು.

ನಗದಿದ್ದವನು ಕುರಿಗಾರ ಒಬ್ಬನೇ. ಗುಂಪು ಚದುರಿದ ಮೇಲೆ ಅತ್ತೆ ಅವನ ಪಕ್ಕ ಕಟ್ಟೆಯ ಮೇಲೆ ಕುಳಿತರು.

"ಹಟ್ಟ್ಯಾಗ ನಾಯಿ ಇಲ್ಲೇನ್ರಿ?"

"ಮುಪ್ಪಾಗಿತ್ರಿ, ಸತ್ತು ಹೋತು."

"ಎರಡು ಚಲೋ ಮರಿ ನಾನ ತಂದು ಕೊಡ್ತೇನಿ. ಅಲ್ಲೀತನಾ ಕುರಿಮರಿಗೋಳ್ನ ಹೊರಗ ಬಿಡಬ್ಯಾಡ್ರಿ."

ಅತ್ತೆ ಮಡ್ಡಿಗೆ ಹೋಗದೆ ಬೈಕು ತಿರುಗಿಸಲು ಹೇಳಿದರು. ಊರು ಹಿಂದಾಗಿ ಎರಡೂ ಕಡೆ ಬಿಳಿಜೋಳದ ಹೊಲ ಬಂದಾಗ, "ನಿಂದ್ರಸಪ್ಪಾ" ಎಂದರು. ಬದುವಿನ ಮೇಲೆ ಕುಳಿತು ಕ್ಯಾಮೆರಾ ತೆಗೆದು ನನ್ನ ಕಡೆಗೆ ಹಿಡಿದರು. ತೋಳ ಸಿಕ್ಕ ದಿನವೇ ತೆಗೆದು ಯಾರಿಗೂ ತೋರಿಸದ ಫೋಟೋಗಳು. ಬಂಡೆಗಲ್ಲಿನ ಸಂದಿನಿಂದ ಹೊರಬಂದ ತೋಳದ ಮರಿಗಳು. ಮಳೆಯಲ್ಲಿ ನೆಂದ ಎರೆಮಣ್ಣಿನ ಬಣ್ಣ, ಎದೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ. ಕಾಲು ಇನ್ನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಂದು ಮರಿ ತಾಯಿಯ ಬಾಲ ಕಚ್ಚಲು ಹೋಗಿ ಮುಗ್ಗರಿಸಿತ್ತು.

"ಹಿಂದಿನ ಕಲ್ಲ ನೋಡು. ಊರಾಗ ಯಾರ ನೋಡಿದ್ರೂ ಜಾಗಾ ಗುರ್ತ ಹಿಡೀತಾರ. ಇವನ್ನ ಇಟಗೋಬಾರ್ದು" ಎಂದರು. "ಅದಕ್ಕ ನೀ ಚಂದಂಗ ನೋಡ್ಕೊ. ನನಗೊಬ್ಬಾಕಿಗೇ ನೆನಪಿದ್ರ ನಾಳೆ ನನಗ ಸುಳ್ಳ ಅನಸಬಹುದು. ಇಬ್ಬರು ನೋಡಿದ್ರ ಖರೆ."

ಒಂದೊಂದಾಗಿ ತೋರಿಸಿದರು, ನಾನು ತಲೆಯಾಡಿಸಿದ ಮೇಲೆ ಅಳಿಸಿದರು. ಕೊನೆಯದರಲ್ಲಿ ಮರಿಗಳೆಲ್ಲ ತಾಯಿಯ ಹೊಟ್ಟೆಗೆ ಆತು ಮಲಗಿದ್ದವು. ಅವುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅತ್ತೆಯ ಬೆರಳು ಗುಂಡಿಯ ಮೇಲೆ ನಿಂತಿತು.

"ನೋಡೀದಿ?"

"ಇನ್ನೊಂದೀಟು ತಡೀರಿ ಅತ್ತಿ" ಎಂದೆ.