ಬದನೆಕಾಯಿ ಬ್ಯೂಟೇನ್

ನಮ್ಮ ಕಾಕಾ ಜನರ ಮುಖ ನೆನಪಿಡುವುದಿಲ್ಲ. ಅವರು ಎಷ್ಟು ಕೈಯವರು ಎಂಬುದನ್ನಷ್ಟೇ ನೆನಪಿಡುತ್ತಾನೆ! ರಸಾಯನಶಾಸ್ತ್ರದ ಲೆಕ್ಕದಲ್ಲಿ ಜಲಜನಕಕ್ಕೆ ಒಂದೇ ಕೈ, ಇಂಗಾಲಕ್ಕೆ ನಾಲ್ಕು. ಒಬ್ಬರನ್ನೇ ಹಿಡಿದು ಬದುಕು ಕಳೆಯುವವರು ಜಲಜನಕದವರು, ನಾಲ್ಕು ಮನೆಯ ಉಸಾಬರಿ ಮಾಡುವವರು ಇಂಗಾಲದವರು. ಯಾರ ಕೈಯನ್ನೂ ಹಿಡಿಯದ ನನ್ನ ಅಣ್ಣನನ್ನು ಹೀಲಿಯಂ ಎಂದಿದ್ದ. ಅಣ್ಣನ ಪ್ರಕಾರ ಹಾಗೆಂದದ್ದು ನನಗೆ. ಬರೆಯುತ್ತಿರುವವನು ನಾನು, ಆದ್ದರಿಂದ ಅಣ್ಣನೇ ಹೀಲಿಯಂ.

ಕಾಕಾ ಪ್ರೊಫೆಸರ್ ಎಂದುಕೊಂಡಿರಾ? ಏಕಸಂಬಿಯ ಸುತ್ತಲಿನ ಹಳ್ಳಿಗಳಿಗೆ ಮೂರು ಗಾಲಿಯ ಟಂಟಂನಲ್ಲಿ ಗ್ಯಾಸ್ ಸಿಲಿಂಡರ್ ಮುಟ್ಟಿಸುವವನು. ಅವನು ಬಿ.ಎಸ್ಸಿ.ಯನ್ನು ಒಂದೇ ವರ್ಷಕ್ಕೆ ಬಿಟ್ಟ, ಬಿ.ಎಸ್ಸಿ. ಅವನನ್ನು ಬಿಡಲಿಲ್ಲ. ಸಿಲಿಂಡರನ್ನು ಹೊಸ್ತಿಲಲ್ಲಿ ಇಳಿಸಿ, ಒಳಗಿನ ಬ್ಯೂಟೇನಿನಲ್ಲಿ ಯಾರು ಯಾರ ಕೈ ಹಿಡಿದಿದ್ದಾರೆ ಎಂದು ಅರ್ಧ ಮರಾಠಿಯಲ್ಲಿ ವಿವರಿಸದ ಹೊರತು ಸೀಲು ಒಡೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕಿಗೆ ಪ್ರಶ್ನೆ ಹಾಕಿದ.

"ನಾಕ ಕೈ ಯಾರಿಗಿರತಾವ ಹೇಳ್ರಿ, ಅಜ್ಜಿ?"

"ನಮ್ಮ ಮನಿದೇವ್ರಿಗೆ."

"ಅಲ್ರಿ, ಇದರೊಳಗಿನ ಇಂಗಾಲಕ್ಕ."

ಅಜ್ಜಿ ಒಳಗೆ ಹೋಗಿ ಕುಂಕುಮ ತಂದು ಸಿಲಿಂಡರಿಗೆ ಹಚ್ಚಿ ಕೈ ಮುಗಿದಳು. ಕಾಕಾ ಅವತ್ತು ಪಾಠವನ್ನು ಅರ್ಧಕ್ಕೇ ಬಿಟ್ಟು ಸೀಲು ಒಡೆದ.

ಇಂಥವನಿಗೆ ಒಮ್ಮೆ ನಿಜವಾದ ವಿದ್ಯಾರ್ಥಿನಿ ಸಿಕ್ಕಳು: ಅವನ ಹೆಂಡತಿ, ನಮ್ಮ ಕಾಕಿ. ಊರಿನ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಹನ್ನೊಂದು ವರ್ಷ ಮಕ್ಕಳ ಮೂಗು ಒರೆಸಿದವಳು. ಕಾರ್ಯಕರ್ತೆಯ ಜಾಗ ಖಾಲಿಯಾಗಿತ್ತು. ಹತ್ತನೆಯ ತರಗತಿ ಪಾಸಾದರೆ ಅದು ಅವಳದು. ಇಲ್ಲದಿದ್ದರೆ ಹೊರಗಿನಿಂದ ಯಾರೋ ಬರುತ್ತಾರೆ, ಇವಳು ಅವರ ಕೈಕೆಳಗೆ ನೆಲ ಒರೆಸಬೇಕು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದೆಲ್ಲ ವಿಷಯ ಗೆದ್ದಿದ್ದಳು. ವಿಜ್ಞಾನ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಜಾಗ ಬೇರೆಯವರ ಪಾಲಾಗುವ ಮೊದಲು ಇನ್ನೊಂದೇ ಸಲ ಉಳಿದಿತ್ತು.

ಕಾಕಾ ಪಾಠಕ್ಕೆ ಕುಳಿತ. ಸಣ್ಣ ಬದನೆಕಾಯಿ ಇಂಗಾಲ, ನೆನೆಸಿದ ಕಡಲೆ ಜಲಜನಕ, ಕಸಬರಿಗೆಯ ಕಡ್ಡಿ ಬಂಧ. ನಾಲ್ಕು ಬದನೆಕಾಯಿಯನ್ನು ಸಾಲಾಗಿ ಪೋಣಿಸಿ ಹತ್ತು ಕಡಲೆ ಚುಚ್ಚಿದರೆ ಬ್ಯೂಟೇನ್. ಮೂರನ್ನು ಸಾಲಾಗಿಟ್ಟು ನಾಲ್ಕನೆಯದನ್ನು ನಡುವಿನದಕ್ಕೆ ಸಿಕ್ಕಿಸಿದರೆ ಐಸೋಬ್ಯೂಟೇನ್. ಅವೇ ಬದನೆಕಾಯಿ, ಅಷ್ಟೇ ಕಡಲೆ, ಆದರೆ ಬೇರೆಯೇ ವಸ್ತು! ಕಾಕಿಗೆ ನಂಬಿಕೆ ಬರಲಿಲ್ಲ.

"ಪಲ್ಯಾ ಅಂತೂ ಒಂದ ಆಗತೈತಲ್ರಿ," ಎಂದಳು.

ಮರುದಿನ ಕಾಕಾನ ತಾಯಿ, ನಮ್ಮ ಆಯಿ, ಕಡ್ಡಿ ಕಿತ್ತೊಗೆದು ಪಲ್ಯ ಮಾಡಿಯೇಬಿಟ್ಟಳು. ಮನೆಮಂದಿಗೆ ಸಾಲದೆಂದು ಇನ್ನೊಂದು ಹಿಡಿ ಕಡಲೆಯನ್ನೂ ಹಾಕಿದ್ದಳು. ಕಾಕಾ ತಾಟು ಸರಿಸಿದ. ನಾಲ್ಕು ಇಂಗಾಲಕ್ಕೆ ಹತ್ತರ ಮೇಲೆ ಒಂದೂ ಹತ್ತುವುದಿಲ್ಲವಂತೆ, ಇಂಥ ಅಣು ಜಗತ್ತಿನಲ್ಲೇ ಇಲ್ಲವಂತೆ. ಬರೀ ಮಜ್ಜಿಗೆ ಅನ್ನ ಉಂಡು ಎದ್ದ. ಸತ್ಯಕ್ಕಾಗಿ ಬದನೆಕಾಯಿ ಬಿಟ್ಟವರು ಚಿಕ್ಕೋಡಿ ತಾಲ್ಲೂಕಿನಲ್ಲಿ ಇನ್ನೆಷ್ಟು ಮಂದಿ ಸಿಕ್ಕಾರು!

ಪರೀಕ್ಷೆ ಚಿಕ್ಕೋಡಿಯಲ್ಲಿತ್ತು. ಅವತ್ತು ಟಂಟಂನಲ್ಲಿ ಕಾಕಾನ ಪಕ್ಕ ನಾನೂ ಇದ್ದೆ. ಬಿಸಿಲಿತ್ತೋ ಮೋಡವಿತ್ತೋ, ನನ್ನ ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ. ಕಾಕಾ ಮೂರು ತಾಸು ಪರೀಕ್ಷಾ ಕೇಂದ್ರದ ಬಾಗಿಲಿಗೇ ಕಣ್ಣು ನೆಟ್ಟು ಕುಳಿತದ್ದನ್ನು ಮಾತ್ರ ಬದಲಿಸುವುದಿಲ್ಲ. ಕಾಕಿ ಬಾಡಿದ ಮುಖದಿಂದ ಹೊರಬಂದಳು. ಐಸೋಬ್ಯೂಟೇನನ್ನೇ ಕೇಳಿದ್ದರು. ತಾನು ಬರೆದದ್ದನ್ನು ಪ್ರಶ್ನೆಪತ್ರಿಕೆಯ ಹಿಂದೆ ಬಿಡಿಸಿ ತೋರಿಸಿದಳು. ನಡುವಿನ ಇಂಗಾಲಕ್ಕೆ ಒಂದು ಜಲಜನಕ ಸಾಕಿತ್ತು, ಎರಡು ಹಚ್ಚಿದ್ದಳು.

"ಹಿಂಗ ಬರದೇನ್ರಿ. ತಪ್ಪಾತೇನು?"

ಕಾಕಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ತುಟಿ ಅಲುಗುತ್ತಿತ್ತು, ಗೀಟು ಎಣಿಸುತ್ತಿದ್ದ. ದೊಡ್ಡ ಭಾಷಣವೊಂದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

"ಇಲ್ಲ," ಎಂದ. "ನಡುವಿನದಕ್ಕ ಒಮ್ಮೊಮ್ಮೆ ಐದ ಕೈಯೂ ಇರತಾವ."

ಕಾಕಿ ಪಾಸಾದ ಸುದ್ದಿ ಬಂದದ್ದು ತಿಂಗಳ ಮೇಲೆ. ಅವತ್ತು ಯಾರಿಗೂ ಏನೂ ಗೊತ್ತಿರಲಿಲ್ಲ. ಅವಳು ಗಂಡನ ಮುಖವನ್ನೇ ನೋಡಿದಳು. ನಾಲ್ಕರವರೆಗೆ ಎಣಿಸಲು ಅವಳಿಗೂ ಬರುತ್ತಿತ್ತು. ಹಾಳೆ ಮಡಚಿ ಚೀಲದಲ್ಲಿಟ್ಟಳು. ನನ್ನನ್ನು ಇಳಿಯಲು ಹೇಳಿ, ಮುಂದೆ ಅವನ ಮಗ್ಗುಲಿಗೆ ಹತ್ತಿ ಕುಳಿತಳು. ನಾನು ಹಿಂದೆ ಹೋಗಿ ಸಿಲಿಂಡರುಗಳ ನಡುವೆ ಜಾಗ ಮಾಡಿಕೊಂಡೆ.