ಕೊಲ್ಲಿ ಕಪ್ಪಿನ ಆತಿಥ್ಯ ಸಮರ

ಗಾಜಿನ ಗೋಪುರಗಳು ಸೂರ್ಯನ ಕಣ್ಣನ್ನೇ ಕುಕ್ಕುತ್ತಿದ್ದ ಆ ತೈಲಮಹಾಯುಗದಲ್ಲಿ, ಹೊಟ್ಟೆಪಾಡಿಗೆ ಕಡಲು ದಾಟಿದ ಕನ್ನಡಕುಲದಲ್ಲಿ ಮೆರೆದ, ಸಮಸ್ತಬಹರೈನಕನ್ನಡಕೂಟಕಾರ್ಯದರ್ಶಿಶಿರೋಮಣಿ, ಸಫಾರಿವಸ್ತ್ರಶೋಭಿತ, ಜನ್ಮದಲ್ಲಿ ಒಮ್ಮೆಯೂ ಚೆಂಡು ಒದೆಯದ ಅಕ್ಷತಪಾದ ಜಗನ್ನಿವಾಸ ಬಂಗೇರನ ಕೀರ್ತಿಯನ್ನು ಹಾಡಬೇಕಾಗಿದೆ. ಎಲೈ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಕೊಂಚ ಸರಿದು ಕುಳಿತುಕೋ. ಅಲ್ಲಿ ಈಗಾಗಲೇ ಆತ ಉಣಿಸಿದ ಬಿರಿಯಾನಿ ಕುಳಿತಿದೆ.

ಕೊಲ್ಲಿ ದೇಶಗಳ ಕನ್ನಡಕೂಟಗಳು ವರ್ಷಕ್ಕೊಮ್ಮೆ ಆಡುವ ಅಂತರರಾಷ್ಟ್ರೀಯ ಫುಟ್‌ಬಾಲ್ ಕಪ್ಪಿಗೆ ಈ ಸಲ ಯಾವ ದೇಶ ಆತಿಥೇಯ? ಇದನ್ನು ನಿರ್ಣಯಿಸಲು ದುಬೈಯ ಹೋಟೆಲೊಂದರ ಮಹಡಿಯಲ್ಲಿ ಮಹಾಸಭೆ ನೆರೆದಿತ್ತು. ಆತಿಥೇಯರ ಕಾರ್ಯದರ್ಶಿಗೆ ಮೈದಾನದ ನಟ್ಟನಡುವೆ ನಿಂತು ಮೊದಲ ಒದೆತ ಒದೆಯುವ ಗೌರವವುಂಟು. ಬಂಗೇರನಿಗೆ ಬೇಕಿದ್ದುದು ಅದೊಂದೇ. ಬಹರೈನಿಗೆ ಆ ಭಾಗ್ಯ ಎಂದೂ ಒದಗಿರಲಿಲ್ಲ. ಆತ ಬಚ್ಚಲಿನಲ್ಲಿ ಬಕೆಟ್ಟು ಒದ್ದು ಅಭ್ಯಾಸ ಮಾಡಿದ್ದ. ಊರಲ್ಲಿ ಹೆಂಡತಿ ಸುಮಿತ್ರಾ ನೆಂಟರಿಗೆಲ್ಲ ಡಂಗುರ ಸಾರಿಯೂ ಆಗಿತ್ತು.

ಸಭೆಗೆ ಮೊದಲೇ, ಕಣದಲ್ಲಿದ್ದ ಎರಡೂ ಕೂಟಗಳ ಮೈದಾನ ನೋಡಲು ಪರಿಶೀಲನಾ ಸಮಿತಿಯ ದಿಗ್ವಿಜಯ ನಡೆದಿತ್ತು. ಅದು ಮಸ್ಕತ್ತಿನಲ್ಲಿ ಅಂಜಲ್ ಮೀನು ಉಂಡು, ‘ಮೈದಾನ ಸಮತಟ್ಟಾಗಿದೆ’ ಎಂದು ಷರಾ ಬರೆಯಿತು. ಬಹರೈನಿನಲ್ಲಿ ಕೋರಿರೊಟ್ಟಿ ಉಂಡು, ‘ಹುಲ್ಲು ಹಸಿರಾಗಿದೆ’ ಎಂದಿತು. ಬಹರೈನಿನ ಮೈದಾನದಲ್ಲಿ ಹುಲ್ಲೆಂಬುದೇ ಇಲ್ಲ. ಆದರೆ ಮೈದಾನಕ್ಕೆ ಹೋದವರು ಯಾರು?

ಸಭೆಯಲ್ಲಿ ಮೊದಲು ಎದ್ದವನು ಮಸ್ಕತ್ತಿನ ಕಾರ್ಯದರ್ಶಿ, ಒಮಾನಕೇಸರಿ ಹಿಲರಿ ಕ್ರಾಸ್ತಾ.

“ನಮ್ಮಲ್ಲಿ ಪ್ರೇಕ್ಷಕರಿಗೆ ಏಸಿ ಉಂಟು ಮಾರಾಯ್ರೇ, ಏಸಿ!”

ಆ ಏಸಿಯೆಂದರೆ ಮದುವೆಯ ಶಾಮಿಯಾನದ ಎರಡು ಫ್ಯಾನುಗಳೆಂಬುದು ಸಭೆಗೆಲ್ಲ ಗೊತ್ತಿತ್ತು. ಆದರೂ ಸಭೆ ಗಂಭೀರವಾಗಿ ತಲೆದೂಗಿತು. ಆಗ ಬಂಗೇರ ಸಿಡಿದೆದ್ದ.

“ಎಲೈ ಒಮಾನಾಧೀಶನೇ! ನಿನ್ನ ಫ್ಯಾನುಗಳ ಸುಳಿಗಾಳಿಗೆ ಬಹರೈನಿನ ಭುಜಬಲ ಅಲುಗೀತೇ? ಗೋಲು ಕಂಬಗಳಿಗೆ ಸುವರ್ಣಲೇಪನ ಮಾಡಿಸುವೆನು! ಗೆದ್ದವರಿಗೂ ಸೋತವರಿಗೂ ಕೋಳಿಯ ಘೀರೋಸ್ಟ್ ಬಡಿಸುವೆನು! ರೆಫರಿಗೆ ಎರಡು ಪ್ಲೇಟು!”

ಘೀರೋಸ್ಟೆಂಬ ಬ್ರಹ್ಮಾಸ್ತ್ರ ನೇರ ಜಠರಕ್ಕೇ ನಾಟಿತು. ಸಮಿತಿಯಲ್ಲಿದ್ದು ಮಸ್ಕತ್ತಿನ ಮೀನಿನ ಋಣ ಹೊತ್ತಿದ್ದ ಕತಾರ್ ಬಹರೈನಿನತ್ತ ಕತ್ತು ತಿರುಗಿಸಿತು. ಕುವೈತ್ ಬೆಲ್ಟು ಸಡಿಲಿಸಿತು. ಕೈಗಳು ಎದ್ದವು. ಬಹರೈನ್ ಗೆದ್ದಿತು!

ಅಧ್ಯಕ್ಷಪೀಠದಲ್ಲಿದ್ದವರು ದುಬೈ ಕೂಟದ ಶರಣಪ್ಪ ಮೆಣಸಿನಕಾಯಿ, ಹುಬ್ಬಳ್ಳಿಯವರು. “ಬಂಗೇರಾವ್ರ, ಈ ಸಲ ಕಪ್ ನಿಮ್ಮಲ್ಲೇ. ತಗೋತೀರಲ್ರಿ?” ಎಂದರು.

ಕೊಟ್ಟದ್ದನ್ನು ಥಟ್ಟನೆ ತೆಗೆದುಕೊಳ್ಳುವವನನ್ನು ಬಂಗೇರನ ಕರಾವಳಿಯಲ್ಲಿ ಹೊಟ್ಟೆಬಾಕ ಎನ್ನುತ್ತಾರೆ. ಮೊದಲು ಬೇಡ ಅನ್ನಬೇಕು, ಮತ್ತೆಯೂ ಬೇಡ ಅನ್ನಬೇಕು. ಕೊಡುವವರು ಕೈಹಿಡಿದು ಒತ್ತಾಯಿಸಿದ ಮೇಲೆ, ‘ನಿಮಗೆ ಬೇಸರ ಆಗಬಾರದಲ್ಲ’ ಎಂದು ಸ್ವೀಕರಿಸಬೇಕು. ಇದು ತಾಯಿಯ ಹಾಲಿನೊಡನೆ ಬಂದ ವಿದ್ಯೆ. ಬಂಗೇರ ಕೈಮುಗಿದ.

“ಛೆ ಛೆ, ನಮಗ್ಯಾಕೆ ಮಾರಾಯ್ರೇ? ಬೇಡ. ಮಸ್ಕತ್ತಿನವರೇ ಮಾಡಲಿ.”

“ಖರೇನ ಬ್ಯಾಡೇನ್ರಿ?”

“ಬೇಡವೇ ಬೇಡ.” ತಲೆ ತಗ್ಗಿತ್ತು, ಕಿವಿ ನಿಮಿರಿತ್ತು.

“ಆತು ಬಿಡ್ರಿ. ಬ್ಯಾಡ ಅಂದವ್ರ ಕೊರಳಿಗೆ ಕಟ್ಟೂದು ಚಲೋ ಅಲ್ಲ. ಮಸ್ಕತ್ ಅಂತ ಬರಕೊಳ್ರಿ. ನಡೀರಿ, ಊಟಾ ಆರತೈತಿ!”

ಬಂಗೇರ ಬಾಯಿ ತೆರೆದ. ಕುರ್ಚಿಗಳ ಸದ್ದಿನಲ್ಲಿ ಆತನ ಮಾತು ಯಾರಿಗೂ ಕೇಳಲಿಲ್ಲ. ಅದೇ ಕರಾವಳಿಯ ಕ್ರಾಸ್ತಾನಿಗೆ ಆ ‘ಬೇಡ’ದ ಅರ್ಥ ಚೆನ್ನಾಗಿ ಗೊತ್ತಿತ್ತು. ಪುಣ್ಯಾತ್ಮ ತುಟಿಪಿಟಕ್ಕೆನ್ನದೆ ಕೈತೊಳೆಯಲು ಹೋದ.

ಅಷ್ಟರಲ್ಲಿ ಊರಿಂದ ಫೋನು ಬಂತು.

“ಸಿಕ್ಕಿತಾ?” ಎಂದಳು ಸುಮಿತ್ರಾ.

“ಸಿಕ್ಕಿತ್ತು. ನಾನು ಬೇಡ ಅಂದೆ.”

“ಅದು ಸರಿ. ಮತ್ತೆ ಅವರು ಒತ್ತಾಯ ಮಾಡ್ಲಿಲ್ವಾ?”

ಸಮಸ್ತಬಹರೈನಕನ್ನಡಕೂಟಕಾರ್ಯದರ್ಶಿಶಿರೋಮಣಿ ಖಾಲಿ ಕುರ್ಚಿಗಳನ್ನೊಮ್ಮೆ ನೋಡಿದ.

“ಇಲ್ಲ ಮಾರಾಯ್ತಿ,” ಎಂದ. “ಊಟಕ್ಕೆ ಹೋದ್ರು.”